ಅವ್ವ ಏಣಿಗೆ ನಿಂತ ವರ್ಷ

ಪಕ್ಕದ ಮನೆಯವರು ಮೊನ್ನೆ ಕಾಂಪೌಂಡ್ ಗೋಡೆಗೆ ಸುಣ್ಣ ಹೊಡೆಸಿದರು. ನಮ್ಮ ವಿದ್ಯಾನಗರದಲ್ಲಿ ಈಗ ಸುಣ್ಣ ಹೊಡೆಸುವವರು ಯಾರೂ ಇಲ್ಲ, ಎಲ್ಲರೂ ಡಬ್ಬಿ ಬಣ್ಣದವರು. ಈ ಮನೆಯಾತ ಸ್ವಲ್ಪ ಕೈ ಬಿಗಿ, ಹಾಗಾಗಿ ಸುಣ್ಣ. ಬಕೆಟ್ಟಿನಲ್ಲಿ ಸುಣ್ಣದ ಹರಳು ಕುದಿಯುವ ವಾಸನೆ ಕಿಟಕಿಯಿಂದ ಒಳಗೆ ಬಂದಾಗ ನಾನು ಪೇಪರ್ ಓದುತ್ತಿದ್ದೆ. ಆಮೇಲೆ ಓದಿದ್ದೊಂದೂ ತಲೆಗೆ ಹೋಗಲಿಲ್ಲ. ಆ ವಾಸನೆ ನನಗೆ ಹರಿಹರದ ನಮ್ಮ ಹಳೇ ಮನೆಯ ಜಗಲಿ, ಜಗಲಿಯ ಮೇಲೆ ಸುಣ್ಣ ಬಳಿಯುವ ಹುಸೇನ್ ಸಾಬರು, ಮತ್ತು ಅರವತ್ತೆರಡರ ಮಾಘ ಮಾಸ.

ಇನ್ನೊಂದು ಕಾರಣವೂ ಇದೆ, ಮುಚ್ಚಿಡುವುದೇಕೆ. ಹೋದ ತಿಂಗಳು ಕಾಲೇಜಿನ ಮೇಷ್ಟ್ರೊಬ್ಬರು ಬಂದಿದ್ದರು. ಈ ಕಡೆಯ ಹಳೇ ಶಾಸಕರ ಬಗ್ಗೆ ಪುಸ್ತಕ ಮಾಡುತ್ತಾರಂತೆ. ಅವ್ವನ ಫೋಟೋ ಕೇಳಿದರು, ಕೊಟ್ಟೆ. ಅವರು ಬರೆದುಕೊಂಡು ಬಂದಿದ್ದನ್ನು ಓದಿ ತೋರಿಸಿದರು: ‘ಒಂದು ಅವಧಿಗೆ ಆಯ್ಕೆ. ನಂತರ ಪಕ್ಷೇತರರಾಗಿ ಸ್ಪರ್ಧಿಸಿ ಸೋಲು.’ ಅಷ್ಟೇ. ‘ಇಷ್ಟೇನಾ ಸಾರ್?’ ಎಂದೆ. ‘ದಾಖಲೆಯಲ್ಲಿ ಇರೋದು ಇಷ್ಟೇ ಅಮ್ಮ’ ಎಂದರು. ಪಾಪ, ಒಳ್ಳೆಯವರೇ. ಕಾಫಿ ಕುಡಿದು ಹೋದರು. ಅವರು ಹೋದ ಮೇಲೆ ನನಗೆ ಮೈಯೆಲ್ಲ ಉರಿಯಿತು. ದಾಖಲೆಯಲ್ಲಿ ಇಲ್ಲದ್ದನ್ನು ನಾನು ಬರೆಯುತ್ತೇನೆ.

ನಮ್ಮವ್ವ ಗೌರಮ್ಮ ಸರ್ಕಾರಿ ಸೂಲಗಿತ್ತಿ. ಊರವರ ಬಾಯಲ್ಲಿ ನರ್ಸಮ್ಮ. ಅಪ್ಪ ನಾನು ಅಂಬೆಗಾಲಿಡುವಾಗಲೇ ತೀರಿಕೊಂಡಿದ್ದ. ಹರಿಹರದ ಸುತ್ತಿನ ಹಳ್ಳಿಗಳಲ್ಲಿ ಅವಳು ಹೊಳೆ ದಾಟಿ, ಎತ್ತಿನ ಗಾಡಿ ಹತ್ತಿ, ಗಾಡಿ ಇಲ್ಲದ ಕಡೆ ನಡೆದು ಹೆರಿಗೆ ಮಾಡಿಸಿ ಬರುತ್ತಿದ್ದಳು. ಐವತ್ತೇಳರಲ್ಲಿ ಪಕ್ಷಕ್ಕೆ ಒಬ್ಬ ಹೆಂಗಸು ಬೇಕಾಗಿತ್ತು. ದಾವಣಗೆರೆಯ ಹತ್ತಿ ವ್ಯಾಪಾರಿ ರುದ್ರಪ್ಪ ಸಾಹುಕಾರ್ರು ಪಕ್ಷದ ಹಿರಿಯರು. ಅವರೇ ನಮ್ಮ ಮನೆಗೆ ಬಂದು ನೌಕರಿ ಬಿಡಿಸಿ ಚುನಾವಣೆಗೆ ನಿಲ್ಲಿಸಿದರು. ಅವ್ವ ಭಾಷಣವನ್ನೇ ಮಾಡಲಿಲ್ಲ. ಯಾವ ಮನೆಗೆ ಹೋದರೂ ಅಲ್ಲಿನ ಮಕ್ಕಳ ತಲೆ ನೇವರಿಸಿ, ‘ಇವನು ಕಾಲು ಮುಂದ ಮಾಡಿ ಬಂದವನಲ್ಲ?’ ಎನ್ನುತ್ತಿದ್ದಳು. ಗೆದ್ದಳು.

ಬೆಂಗಳೂರಿನ ವಿಧಾನಸಭೆಯಲ್ಲಿ ಅವಳು ನಾಲ್ಕು ವರ್ಷ ಕುಳಿತು ಕೇಳಿದ್ದೇ ಹೆಚ್ಚು. ಕೇಳಿದ ಪ್ರಶ್ನೆಗಳೆಲ್ಲ ಒಂದೇ ವಿಷಯಕ್ಕೆ: ಹೆರಿಗೆ ಕೋಣೆ. ಕೊನೆಗೆ ಸಾರಥಿ ಎಂಬ ಊರು ದಾಟಿ ಹೋದರೆ ಸಿಗುವ ಒಂದು ಸಣ್ಣ ಹಳ್ಳಿಗೆ ಒಂದು ಕೋಣೆ ಮಂಜೂರಾಯಿತು. ಹಳ್ಳಿಯ ಹೆಸರು ಹೇಳುವುದಿಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ. ಕೋಣೆ ಕಟ್ಟಿದರು, ಎರಡು ಮಂಚ ಹಾಕಿದರು, ಬಾಗಿಲಿಗೆ ಹಸಿರು ಬಣ್ಣ ಬಳಿದು ಬೀಗ ಜಡಿದರು. ಮಂತ್ರಿಗಳು ಬಂದು ಟೇಪು ಕತ್ತರಿಸಬೇಕಿತ್ತು. ಮಂತ್ರಿಗಳಿಗೆ ಪುರುಸೊತ್ತಿಲ್ಲ. ಯುಗಾದಿಗೆ ಬರುತ್ತಾರೆ ಎಂದರು, ಆಮೇಲೆ ಕಾರಹುಣ್ಣಿಮೆಗೆ ಎಂದರು. ಬೀಗದ ಕೈ ದಾವಣಗೆರೆಯಲ್ಲಿ ಯಾವುದೋ ಮೇಜಿನ ಒಳಗಿತ್ತು.

ಆ ಆಷಾಢದಲ್ಲಿ ಹೊಳೆ ತುಂಬಿ, ಹರಿಹರಕ್ಕೆ ಬರುವ ದಾರಿ ಕೆಸರಾಗಿ ಗಾಡಿಗಳು ಹೂತುಕೊಳ್ಳುತ್ತಿದ್ದವು. ಅವ್ವ ಯಾವುದೋ ರಸ್ತೆಯ ಅರ್ಜಿಗೆ ಆ ಹಳ್ಳಿಗೆ ಹೋಗಿದ್ದಳು. ಹನುಮವ್ವ ಎಂಬ ರೈತ ಹೆಂಗಸಿನ ಸೊಸೆಗೆ ಎರಡು ದಿನದಿಂದ ನೋವು. ಗಾಡಿಯಲ್ಲಿ ಮಲಗಿಸಿ ಹೊರಟವರು ಕೆಸರಿಗೆ ಹೆದರಿ ವಾಪಸು ಬಂದು, ಆ ಹಸಿರು ಬಾಗಿಲಿನ ಮುಂದೆಯೇ ಗಾಡಿ ನಿಲ್ಲಿಸಿಕೊಂಡಿದ್ದರು. ಮೇಲೆ ಮಳೆ. ಅವ್ವ ಬಾಗಿಲು ನೋಡಿದಳು, ಗಾಡಿ ನೋಡಿದಳು. ಪಕ್ಕದ ಮನೆಯ ಒರಳಿನಿಂದ ಗುಂಡುಕಲ್ಲು ಎತ್ತಿಕೊಂಡು ಬಂದು ಬೀಗ ಒಡೆದಳು. ಸರ್ಕಾರದ ಪಕ್ಷದ ಶಾಸಕಿ, ಸರ್ಕಾರದ ಬೀಗ. ಒಳಗೆ ಹೊಸ ಮಂಚದ ಮೇಲೆ ತಾನೇ ಹೆರಿಗೆ ಮಾಡಿಸಿದಳು. ತಾಯಿ, ಮಗು ಎರಡೂ ಉಳಿದವು. ಆವತ್ತಿನಿಂದ ಆ ಕೋಣೆಗೆ ಬೀಗ ಬೀಳಲಿಲ್ಲ.

ಮಂತ್ರಿಗಳಿಗೆ ಅದು ಮುಖಕ್ಕೆ ಹೊಡೆದಂತಾಯಿತು. ಚುನಾವಣೆ ಹತ್ತಿರ ಬಂದಾಗ ರುದ್ರಪ್ಪ ಸಾಹುಕಾರ್ರು ಮತ್ತೆ ನಮ್ಮ ಮನೆಗೆ ಬಂದರು. ಈ ಸಲ ಅವರ ಜೇಬಿನಲ್ಲಿ ಟೈಪ್ ಮಾಡಿದ ಒಂದು ಹಾಳೆ ಇತ್ತು.

‘ಗೌರಮ್ಮಾರೆ, ಒಂದು ಸಹಿ ಹಾಕಿಬಿಡ್ರಿ. ಟಿಕೇಟು ನಿಮ್ದ. ನಾನು ಮಾತಾಡಿ ಬಂದೀನಿ’ ಎಂದರು.

ಅವ್ವ ಓದಿದಳು. ‘ಅಚಾತುರ್ಯದಿಂದ ಬೀಗ ಮುರಿಯಿತೆಂದೂ, ಅದಕ್ಕಾಗಿ ವಿಷಾದಿಸುತ್ತೇನೆಂದೂ’ ಇತ್ತು.

‘ಅಚಾತುರ್ಯ ಅಲ್ಲ ಸಾಹುಕಾರ್ರೆ’ ಎಂದಳು. ‘ಮೂರು ಏಟು ಬೇಕಾದ್ವು. ಮೂರನೇದು ಗುರಿ ನೋಡಿ ಹೊಡೆದೀನಿ. ಇದನ್ನ ತಿದ್ದಿಕೊಂಡು ಬರ್ರಿ, ಸಹಿ ಹಾಕ್ತೀನಿ.’

‘ಏನಂತ ತಿದ್ದಬೇಕು?’

‘ಬೀಗ ಹಾಕಿದ್ದಕ್ಕ ಅವರು ವಿಷಾದಿಸ್ತಾರ ಅಂತ.’

ಸಾಹುಕಾರ್ರು ನಕ್ಕರು. ಅವರು ಕೆಟ್ಟವರಲ್ಲ. ಅವ್ವನನ್ನು ಕಂಡರೆ ಅವರಿಗೆ ನಿಜವಾಗಿಯೂ ಗೌರವ ಇತ್ತು, ಆದರೆ ಗೌರವಕ್ಕೂ ಸಹಿಗೂ ಸಂಬಂಧ ಇಲ್ಲ ಎಂದು ತಿಳಿದ ಮನುಷ್ಯ. ಟೀ ಕುಡಿದು ಎದ್ದರು. ಹದಿನೈದು ದಿನದಲ್ಲಿ ಟಿಕೇಟು ಬೇರೆಯವರಿಗೆ ಹೋಯಿತು. ಅವ್ವ ಪಕ್ಷೇತರಳಾಗಿ ಅರ್ಜಿ ಹಾಕಿದಳು. ಅವಳಿಗೆ ಸಿಕ್ಕ ಗುರುತು ಏಣಿ.

ಇಲ್ಲಿ ಹುಸೇನ್ ಸಾಬರು ಬರುತ್ತಾರೆ. ಅವರ ಐದು ಮಕ್ಕಳೂ ಅವ್ವನ ಕೈಯಲ್ಲೇ ಹುಟ್ಟಿದವರು. ಸುದ್ದಿ ಕೇಳಿ, ಕೈಯಲ್ಲಿ ಸುಣ್ಣದ ಕುಂಚ ಹಿಡಿದುಕೊಂಡೇ ಬಂದು ಜಗಲಿಯ ಮೇಲೆ ಕುಳಿತರು.

‘ಅರೆ, ಫಿಕರ್ ಯಾಕ ಮಾಡ್ತೀರಿ ನರ್ಸಮ್ಮಾರೆ? ಏಣಿ ಅಂದ್ರೆ ನಮ್ದೇ ಆಯ್ತಲ್ಲ! ಗೋಡೆ ಮ್ಯಾಲೆ ಚಿತ್ರ ಬರೆಯೋ ಕೆಲಸಾನೂ ಇಲ್ಲ. ಒಂದೊಂದು ಮನೆ ಮುಂದ ಒಂದೊಂದು ಏಣಿ ನಿಲ್ಲಿಸಿದ್ರ ಮುಗೀತು.’

ನಮ್ಮ ಕಡೆ ಮಾಳಿಗೆ ಮನೆಗಳು. ಕಾಳು ಒಣಗಿಸಲು ಮೇಲೆ ಹತ್ತಬೇಕು, ಹಾಗಾಗಿ ಬಡವನ ಮನೆಯಲ್ಲೂ ಒಂದು ಏಣಿ ಹಿತ್ತಲಲ್ಲಿ ಬಿದ್ದಿರುತ್ತದೆ. ಸಾಬರ ಮಾತಿನ ಮೇಲೆ ನಾವು ಮನೆ ಮನೆಗೆ ಹೋಗಿ ಕೇಳಿದ್ದು ಅಷ್ಟೇ: ಹಿತ್ತಲಿನ ಏಣಿಯನ್ನು ಮುಂದಿನ ಗೋಡೆಗೆ ತಂದು ಒರಗಿಸಿ. ವಾರದೊಳಗೆ ಹರಿಹರದ ಓಣಿಗಳಲ್ಲಿ ಸಾಲು ಸಾಲು ಏಣಿ. ಹಳ್ಳಿಗಳಲ್ಲಿ ಬೆಳಗಿನ ಇಬ್ಬನಿಯಲ್ಲಿ, ಬಿಳಿಜೋಳದ ಹೊಲಗಳ ನಡುವೆ, ದೂರದಿಂದಲೇ ಏಣಿಗಳು ಕಾಣುತ್ತಿದ್ದವು. ತಕರಾರು ಮಾಡುವ ಹಾಗೂ ಇಲ್ಲ, ಅವರವರ ಮನೆ, ಅವರವರ ಏಣಿ. ಎದುರು ಪಕ್ಷದವರು ತಮ್ಮ ಏಣಿಗಳನ್ನು ಒಳಗೆ ಎಳೆದುಕೊಂಡರು. ಅವರ ಪೈಕಿ ಒಬ್ಬರ ಮಾಳಿಗೆಯ ಮೇಲೆ ಕಡಲೆ ಒಣಗಲು ಹಾಕಿದ್ದು ಅಕಾಲದ ಮಳೆಗೆ ನೆನೆದುಹೋಯಿತು. ಹತ್ತಲು ಏಣಿ ನಿಲ್ಲಿಸಿದರೆ ನರ್ಸಮ್ಮನಿಗೆ ಪ್ರಚಾರ ಆಗುತ್ತದೆಂದು ಹೆಂಡತಿಯನ್ನು ತಡೆದಿದ್ದರಂತೆ. ಇದನ್ನು ಕೇಳಿ ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದನ್ನು ನಾನು ಮರೆತಿಲ್ಲ.

ನನ್ನ ಪಾಲಿನ ಕೆಲಸ ಹೆಂಗಸರಿಗೆ ಓಟು ಹಾಕುವುದನ್ನು ಕಲಿಸುವುದು. ಆ ಸಲ ಪದ್ಧತಿ ಬದಲಾಗಿತ್ತು. ಹಿಂದಿನ ಚುನಾವಣೆಯಲ್ಲಿ ಪರದೆಯ ಹಿಂದೆ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವರ ಗುರುತಿನ ಚಿತ್ರ. ಚೀಟಿಯ ಮೇಲೆ ಏನೂ ಬರೆಯುವಂತಿಲ್ಲ, ನಿಮಗೆ ಬೇಕಾದವರ ಪೆಟ್ಟಿಗೆಗೆ ಹಾಕಿ ಬರುವುದು. ಹೆಂಗಸರು ಪೆಟ್ಟಿಗೆಗೆ ಕುಂಕುಮ ಇಟ್ಟು, ಕೈಮುಗಿದು ಬಂದಿದ್ದರು. ಈ ಸಲ ಚಿತ್ರಗಳೆಲ್ಲ ಚೀಟಿಯ ಮೇಲೆ. ರಬ್ಬರ್ ಮುದ್ರೆ ಒತ್ತಬೇಕು.

ನಾನು ನನ್ನ ಹಳೇ ನೋಟ್‌ಬುಕ್ಕಿನ ಹಾಳೆ ಹರಿದು ಚೀಟಿ ಮಾಡಿದೆ. ನಾಲ್ಕು ಚಿತ್ರ ಬರೆದೆ. ಬಾಟಲಿಯ ಬೂಚಿಗೆ ಅಡ್ಡ ಉದ್ದ ಗೀರು ಕೊರೆದು ಮುದ್ರೆ ಮಾಡಿದೆ. ಸಾಬರ ಬಕೆಟ್ಟಿನ ಸುಣ್ಣಕ್ಕೆ ಅರಿಶಿನ ಕಲಸಿದರೆ ರಕ್ತದಂಥ ಕೆಂಪು, ಅದೇ ಮಸಿ. ಹಳ್ಳಿಯ ಗುಡಿಯ ಮುಂದೆ ಹೆಂಗಸರನ್ನು ಕೂರಿಸಿಕೊಂಡು ಒಬ್ಬೊಬ್ಬರ ಕೈಯಲ್ಲೂ ಒತ್ತಿಸುತ್ತಿದ್ದೆ. ಹನುಮವ್ವನ ಹಳ್ಳಿಯಲ್ಲಿ ಎರಡು ಸಲ ಮಾಡಿದೆ, ಯಾಕೆಂದರೆ ಅದು ಅವ್ವನನ್ನೇ ನಂಬಿದ ಹಳ್ಳಿ, ಒಂದು ಓಟೂ ಆಚೆ ಹೋಗಬಾರದು. ಎದುರಿನವರು ಮತಗಟ್ಟೆಯ ಹತ್ತಿರ ನಿಂತು ಚೀಟಿ ಕಸಿದುಕೊಳ್ಳುತ್ತಾರೆ ಎಂಬ ಗುಲ್ಲು ಬೇರೆ ಎದ್ದಿತ್ತು.

‘ಏಣಿ ಮ್ಯಾಲೆ ಒತ್ರಿ, ಮಡಚ್ರಿ, ಜೋಪಾನ ಮಾಡ್ರಿ. ಯಾರ ಕೈಗೂ ಕೊಡಬ್ಯಾಡ್ರಿ’ ಎಂದು ಗಿಣಿಗೆ ಹೇಳಿದ ಹಾಗೆ ಹೇಳಿದೆ. ಅಭ್ಯಾಸದ ಹಾಳೆಗಳನ್ನು ಮನೆಗೆ ಒಯ್ಯಲು ಕೊಟ್ಟು, ಓಟಿನ ದಿನ ನೋಡಿಕೊಳ್ಳಲು ಜೊತೆಗಿರಲಿ ಎಂದೆ.

ನನಗಾಗ ಹತ್ತೊಂಬತ್ತು. ಓಟಿಗೆ ಇಪ್ಪತ್ತೊಂದು ತುಂಬಬೇಕಿತ್ತು. ನಾನು ಅಲ್ಲಿಯವರೆಗೆ ಓಟು ಹಾಕಿದವಳೇ ಅಲ್ಲ. ಕಲಿಸಲು ಮಾತ್ರ ಹೊರಟಿದ್ದೆ.

ಓಟಿನ ದಿನ ಮಧ್ಯಾಹ್ನದ ತನಕ ಎಲ್ಲ ಕಡೆಯಿಂದಲೂ ಒಳ್ಳೆಯ ಸುದ್ದಿ. ಅವ್ವ ಮನೆಯಲ್ಲೇ ಕುಳಿತಿದ್ದಳು. ಹೊತ್ತು ಇಳಿಯುವ ಸಮಯಕ್ಕೆ ನಾಲ್ಕು ಗಾಡಿಗಳು ನಮ್ಮ ಓಣಿಗೆ ಬಂದವು. ತುಂಬ ಹೆಂಗಸರು. ಮುಂದಿನ ಗಾಡಿಯಿಂದ ಹನುಮವ್ವ ಇಳಿದಳು. ಹೊಸ ಸೀರೆ, ಮುಖದ ತುಂಬ ಗೆಲುವು. ಜಗಲಿ ಹತ್ತಿ ಬಂದು, ಕುಬುಸದೊಳಗಿಂದ ಮಡಚಿದ ಕಾಗದ ತೆಗೆದು ಅವ್ವನ ಕೈಯಲ್ಲಿ ಇಟ್ಟಳು.

‘ತಗೋರಿ ನರ್ಸಮ್ಮಾರೆ. ನಿಮ್ಮ ಓಟು. ಯಾರ ಕೈಗೂ ಕೊಟ್ಟಿಲ್ಲ.’

ಅದು ಅಸಲು ಚೀಟಿ. ಏಣಿಯ ಮೇಲೆ ನೇರಳೆ ಮುದ್ರೆ ನೆಟ್ಟಗೆ ಬಿದ್ದಿತ್ತು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಸೆರಗಿನ ಗಂಟಿನಿಂದ, ಎಲೆ ಅಡಿಕೆ ಚೀಲದಿಂದ, ಸೊಂಟದಿಂದ ಕಾಗದ ತೆಗೆದು ಅವ್ವನ ಮಡಿಲಿಗೆ ಹಾಕಿದರು.

‘ಪೆಟ್ಟಿಗೆಗೆ ಯಾಕ ಹಾಕ್ಲಿಲ್ಲ ಹನುಮವ್ವ?’ ಎಂದು ಅವ್ವ ಮೆಲ್ಲಗೆ ಕೇಳಿದಳು.

‘ಪೆಟ್ಟಿಗೆ ಎಲ್ಲೈತ್ರಿ? ಪರದೆ ಹಿಂದ ಹುಡುಕಿದೆ, ಏಣಿ ಪೆಟ್ಟಿಗೆ ಇಲ್ಲ. ಕಳ್ಳರು ತೆಗೆದುಬಿಟ್ಟಾರ. ಸಾಹೇಬ್ರ ಮುಂದ ಒಂದು ಬೋಳು ಪೆಟ್ಟಿಗೆ ಇಟ್ಟಿದ್ರು, ಚಿತ್ರಾನೇ ಇಲ್ಲ ಅದಕ್ಕ. ಅದು ಯಾರದೋ ಏನೋ! ಸಾಹೇಬ್ರು ಹಾಕು ಹಾಕು ಅಂತ ನೋಡ್ತಿದ್ರು. ಅದಕ್ಕ ನಿಮ್ಮ ಮಗಳು ಕೊಟ್ಟಿದ್ದ ಸುಳ್ಳು ಚೀಟಿ ಮಡಚಿ ಅದರಾಗೆ ಹಾಕ್ದೆ. ಖರೇದು ಇಟ್ಕೊಂಡೆ. ಸಾಲಿನಾಗೆ ಇದ್ದೋರಿಗೆಲ್ಲ ಪಿಸುಗುಟ್ಟಿದೆ. ನಮ್ಮೂರ ಹೆಣ್ಣುಮಕ್ಕಳು ಒಬ್ಬರೂ ಮೋಸ ಹೋಗಿಲ್ಲ ನೋಡ್ರಿ.’

ಪೆಟ್ಟಿಗೆ ಈ ಸಲ ಒಂದೇ, ಅದು ಎಲ್ಲರದೂ ಎಂಬುದನ್ನು ನಾನು ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿರುವ ವಿಷಯ ಅಂದುಕೊಂಡಿದ್ದೆ. ಹುಸೇನ್ ಸಾಬರು ಗಡಿಯಾರ ನೋಡಿ, ‘ಓಟಿನ ಟೈಮ್ ಮುಗೀತು’ ಎಂದು ತಲೆಗೆ ಕೈ ಕೊಟ್ಟು ಕುಳಿತರು.

ಓಟು ಹಾಳಾಯಿತೆಂದು ಅವ್ವ ಆ ಹೆಂಗಸರಿಗೆ ಹೇಳಲಿಲ್ಲ. ಎಲ್ಲರಿಗೂ ಮಂಡಕ್ಕಿ, ಬೆಲ್ಲ, ನೀರು ಕೊಡಿಸಿದಳು. ಕತ್ತಲಾಗುವ ಮುಂಚೆ ಊರು ಸೇರಿಕೊಳ್ಳಿ ಎಂದು ಗಾಡಿ ಹೊರಡಿಸಿದಳು. ಓಣಿ ಖಾಲಿಯಾದ ಮೇಲೆ ನಾನು ಜೋರಾಗಿ ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು ಚೀಟಿಗಳನ್ನು ಎಣಿಸಲು ಕುಳಿತೆ. ಅವ್ವ ಕೈ ಹಿಡಿದಳು.

‘ಎಣಿಸಬ್ಯಾಡ.’

‘ಎಷ್ಟು ಅಂತ ಗೊತ್ತಾಗಬ್ಯಾಡವಾ ಅವ್ವ?’

‘ಗೊತ್ತಾದ್ರ ಏನು ಮಾಡ್ತಿ? ಎಣಿಸಿದ್ರ ಆ ಸಂಖ್ಯೆ ನಿನ್ನ ಜೀವನಪೂರ್ತಿ ತಿಂತೈತೆ. ಚೀಟಿ ಹೊರಗೆ ತಂದಿದ್ದು ಅಪರಾಧ, ಗೊತ್ತೈತೋ ಇಲ್ಲೋ? ಇವು ಈ ಮನಿಯಾಗ ಸಿಕ್ಕರ ಆ ಹೆಣ್ಣುಮಕ್ಕಳು ಸ್ಟೇಷನ್ ಮೆಟ್ಟಿಲು ಹತ್ತಬೇಕು.’

ಮಡಿಲ ತುಂಬ ಚೀಟಿ ಹಿಡಿದುಕೊಂಡು ಬಚ್ಚಲಿಗೆ ಹೋದಳು. ಹಂಡೆಯ ಒಲೆಗೆ ಹಿಡಿ ಹಿಡಿಯಾಗಿ ಹಾಕಿದಳು. ತನ್ನನ್ನು ಜನ ಬೇಕು ಎಂದಿದ್ದಕ್ಕೆ ಇದ್ದ ಸಾಕ್ಷಿಯನ್ನು ಒಬ್ಬ ಹೆಂಗಸು ತನ್ನ ಕೈಯಾರೆ ಸುಡುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವಳ ಕಣ್ಣಲ್ಲಿ ನೀರಿತ್ತು. ಹೊಗೆ ಎಂದು ನಾನು ಸುಳ್ಳು ಬರೆಯುವುದಿಲ್ಲ.

ಎಣಿಕೆ ದಾವಣಗೆರೆಯಲ್ಲಿ, ಅವ್ವನ ಜೊತೆ ನಾನೂ ಹೋಗಿದ್ದೆ. ಅವ್ವ ಸೋತಳು, ಬಹಳ ಕಡಿಮೆ ಅಂತರದಲ್ಲಿ. ಆ ಹಳ್ಳಿಯ ಪೆಟ್ಟಿಗೆ ತೆಗೆದಾಗ ನನ್ನ ನೋಟ್‌ಬುಕ್ಕಿನ ಹಾಳೆಗಳು, ಕೆಂಪು ಮುದ್ರೆಯ ಸಮೇತ ಮೇಜಿನ ತುಂಬ ಉದುರಿದವು. ಗುಮಾಸ್ತರು ನಕ್ಕರು. ಒಬ್ಬ ಹಾಳೆ ಎತ್ತಿ ಹಿಡಿದು, ‘ಯಾರದೋ ಅಂಕಗಣಿತದ ಪಾಠ ಐತಲ್ಲೋ ಹಿಂದ’ ಎಂದ. ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು ನನಗೆ.

ಹೊರಗೆ ಹುಣಸೆ ಮರದ ಕೆಳಗೆ ರುದ್ರಪ್ಪ ಸಾಹುಕಾರ್ರು ಕಾಯುತ್ತಿದ್ದರು. ಕೊರಳಲ್ಲಿ ಹಾರ ಇತ್ತು. ಅದನ್ನು ತೆಗೆದು ಪಕ್ಕದವನ ಕೈಗೆ ಕೊಟ್ಟು, ಅವ್ವನ ಹತ್ತಿರ ಬಂದರು.

‘ಗೌರಮ್ಮಾರೆ, ಅಸಲು ಚೀಟಿ ಎಲ್ಲಿಗೆ ಬಂದ್ವು ಅಂತ ನನಗೆ ಗೊತ್ತೈತೆ. ಗಾಡಿ ನೋಡಿದೋರು ಅದಾರೆ. ಕೇಸ್ ಆದ್ರೆ ಆ ಹೆಂಗಸರ ಗತಿ ಏನು? ನಾನು ತಡೀತೀನಿ. ಆ ಬೀಗದ ಹಾಳೆಗೆ ಈಗಲೂ ಒಂದು ಸಹಿ ಹಾಕ್ರಿ. ಮ್ಯಾಲಿನವರಿಗೂ ಸಮಾಧಾನ, ನಿಮಗೂ ಯಾವುದಾರ ಸಮಿತಿಯಾಗ ಒಂದು ಜಾಗ.’

ಜನ ಸುತ್ತ ಸೇರಿದ್ದರು. ಅವ್ವ ದನಿ ಎತ್ತಲಿಲ್ಲ, ಇಳಿಸಲೂ ಇಲ್ಲ.

‘ಕೇಸ್ ಹಾಕಿಸ್ರಿ ಸಾಹುಕಾರ್ರೆ. ಮೊದಲನೇ ಹೆಸರು ನಂದು ಬರೆಸ್ರಿ. ಚೀಟಿ ಒಲೆಗೆ ಹಾಕಿ ನೀರು ಕಾಸಿ ಸ್ನಾನ ಮಾಡೀನಿ, ಅದನ್ನೂ ಬರೆಸ್ರಿ. ಆಮೇಲೆ ಕೋರ್ಟಿನಾಗ ಆ ಹೆಣ್ಣುಮಕ್ಕಳನ್ನ ಕೇಳ್ತಾರ, ಸರ್ಕಾರದ ಚೀಟಿ ಸರ್ಕಾರದ ಪೆಟ್ಟಿಗೆಗೆ ಯಾಕ ಹಾಕ್ಲಿಲ್ಲ ಅಂತ. ನಮಗೆ ಆ ಪೆಟ್ಟಿಗೆ ಮ್ಯಾಲೆ ನಂಬಿಕೆ ಇಲ್ಲ, ಈಕೆ ಮ್ಯಾಲೆ ಐತೆ ಅಂತ ಅವರು ಒಬ್ಬೊಬ್ಬರಾಗಿ ಹೇಳ್ತಾರ. ಪೇಪರಿನವರೂ ಬಂದಿರ್ತಾರ. ಮಂತ್ರಿಗಳಿಗೆ ಪುರುಸೊತ್ತಿದ್ರ ಅವರೂ ಬಂದು ಕೇಳ್ಲಿ.’

ಸಾಹುಕಾರ್ರು ಪಕ್ಕದವನ ಕೈಯಿಂದ ಹಾರ ಇಸಿದುಕೊಂಡು ಒಳಗೆ ಹೋದರು. ಕೇಸ್ ಆಗಲಿಲ್ಲ. ಸಮಿತಿಯ ಜಾಗವೂ ಬರಲಿಲ್ಲ, ಆವತ್ತಿಗೂ, ಆಮೇಲೂ.

ಮರುದಿನ ಅವ್ವ ಮಧ್ಯಾಹ್ನದವರೆಗೆ ಮಲಗಿದಳು. ಎದ್ದು ಊಟ ಮಾಡಿ, ತಲೆ ಬಾಚಿಕೊಳ್ಳುತ್ತಾ ಹೇಳಿದಳು, ‘ನಾಳೆ ಹನುಮವ್ವನ ಊರಿಗೆ ಹೋಗು. ಆಗಿದ್ದು ಹೇಳಿ ಬಾ.’

‘ನಾನು ಹೋಗಂಗಿಲ್ಲ. ಯಾವ ಮುಖ ಇಟ್ಕೊಂಡು ಹೋಗಲಿ? ಅವರು ಗೆದ್ದೀವಿ ಅಂತ ತಿಳ್ಕೊಂಡಾರ.’

‘ಇರೋ ಮುಖ ಇಟ್ಕೊಂಡು ಹೋಗು. ನೀನು ಹೇಳದಿದ್ರ ಮುಂದಿನ ಸಲಾನೂ ಮನೆಗೆ ತರ್ತಾರ. ನನಗಲ್ಲದಿದ್ರ ಇನ್ಯಾರಿಗೋ ತರ್ತಾರ. ಅವರ ಓಟು ಪೆಟ್ಟಿಗೆಗೆ ಬೀಳಬೇಕು, ಯಾರಿಗಾದ್ರೂ ಬೀಳಲಿ.’

ಹೋದೆ. ಹುಸೇನ್ ಸಾಬರು ಸೈಕಲ್ ತಳ್ಳಿಕೊಂಡು ಜೊತೆಗೆ ಬಂದರು. ಗುಡಿಯ ಮುಂದೆ ಹೆಂಗಸರು ಸೇರಿದರು. ಕೂಡ್ರಿ ಎಂದರು, ಕೂರಲಿಲ್ಲ. ನಿಂತೇ ಹೇಳಿದೆ. ಪೆಟ್ಟಿಗೆ ಒಂದೇ ಇತ್ತು, ಅದು ಎಲ್ಲರದೂ ಆಗಿತ್ತು, ನಿಮ್ಮ ಓಟು ಲೆಕ್ಕಕ್ಕೆ ಬರಲಿಲ್ಲ, ಅವ್ವ ಸೋತಿದ್ದಾಳೆ, ತಪ್ಪು ನಿಮ್ಮದಲ್ಲ, ಹೇಳಿಕೊಡದ ನನ್ನದು. ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಒಬ್ಬಿಬ್ಬರು ಸೆರಗು ಬಾಯಿಗೆ ಒತ್ತಿಕೊಂಡರು. ಹನುಮವ್ವ ಮಾತ್ರ ನನ್ನನ್ನೇ ದಿಟ್ಟಿಸುತ್ತಿದ್ದಳು. ಬೈದರೆ ಸಾಕು, ಬೈದುಬಿಡಲಿ ಎಂದು ನಾನು ಕಾಯುತ್ತಿದ್ದೆ.

‘ಸೋತೀವಿ ಅಂತ ನರ್ಸಮ್ಮ ಅತ್ತಳೇನು?’ ಎಂದು ಕೇಳಿದಳು.

‘ಒಂದು ಸಲ.’

‘ಬೀಗದ ತಪ್ಪು ಒಪ್ಕೋ ಅಂತ ಸಾಹುಕಾರ್ರು ತಂದಿದ್ರಂತಲ್ಲ, ಆ ಕಾಗದಕ್ಕ ಸಹಿ ಹಾಕಿದಳೇನು?’

‘ಇಲ್ಲ.’

ಹನುಮವ್ವ ಎದ್ದು ಮನೆಯೊಳಗೆ ಹೋದಳು. ಜೋಳ ತುಂಬುವ ಒಂದು ಖಾಲಿ ಗಡಿಗೆ ಹೊತ್ತು ತಂದು ಗುಡಿಯ ಕಟ್ಟೆಯ ಮೇಲೆ ಧೊಪ್ಪನೆ ಇಟ್ಟಳು.

‘ಇದು ಬೋಳು ಪೆಟ್ಟಿಗೆ ಅಂತ ತಿಳ್ಕೊ. ಈಗ ಪೂರ್ತಿ ಕಲಿಸು. ಅರ್ಧ ಕಲಿಸಿ ಹೋದಿ ಅಂದ್ರ ಕಾಲು ಮುರಿತೀನಿ.’

ನಾನು ಚೀಲದಿಂದ ಉಳಿದಿದ್ದ ಹಾಳೆ ತೆಗೆದೆ. ಹನುಮವ್ವ ಒತ್ತಿದಳು, ಮಡಚಿದಳು, ಗಡಿಗೆಯ ಬಾಯೊಳಗೆ ಕೈ ಇಳಿಬಿಟ್ಟು ತಳಕ್ಕೆ ಮುಟ್ಟಿಸಿ ಹಾಕಿದಳು. ‘ಮುಂದ ಯಾರು, ಬರ್ರಿ’ ಎಂದು ಕೂಗಿದಳು. ಹೆಂಗಸರು ಸಾಲಾಗಿ ನಿಂತರು. ಅವಳ ಸೊಸೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡೇ ಬಂದು ನಿಂತಳು. ಮುಂದಿನ ಚುನಾವಣೆ ಇನ್ನೂ ಐದು ವರ್ಷ ದೂರ ಇತ್ತು. ಹಾಳೆ ಮುಗಿದವು. ಗಡಿಗೆಯಿಂದ ತೆಗೆದು ಮತ್ತೆ ಹಂಚಿದೆ. ಆ ಸಾಲು ಮಾತ್ರ ಕರಗಲಿಲ್ಲ. ಹಾಕಿದವರೇ ಮತ್ತೆ ಹಿಂದೆ ಹೋಗಿ ನಿಲ್ಲುತ್ತಿದ್ದರು.